ನಾಯಿ ಇರುವ ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು: ಮೊದಲು ಮಗುಚಿ ನೋಡಿ

ಅಂಗಡಿಯಲ್ಲಿ ರೋಲ್ ಬಿಚ್ಚಿ ತೋರಿಸಿದಾಗ ಎಲ್ಲರೂ ಮೊದಲು ಅಂಗೈ ಇಟ್ಟು ಸವರುತ್ತಾರೆ. ನಾನೂ ಅದನ್ನೇ ಮಾಡಿದೆ. ಮೆತ್ತಗಿತ್ತು, ದಟ್ಟವಾಗಿತ್ತು, ಎತ್ತರ 40 ಮಿಲಿಮೀಟರ್. ವಿಜಯಪುರದ ನಮ್ಮ ಮನೆ ಅಂಗಳ ಪೂರ್ತಿ ಎರೆಮಣ್ಣು. ಮಳೆ ಬಂದರೆ ನಾಯಿಗಳ ಕಾಲಿಗೆ ಹೆಂಟೆ ಮೆತ್ತಿಕೊಂಡು ಅಡುಗೆಮನೆವರೆಗೂ ಬರುತ್ತದೆ. ಅದಕ್ಕೇ ಏಪ್ರಿಲ್‌ನಲ್ಲಿ ಹುಲ್ಲು ಹಾಸಿಸಿದೆವು. ಮನೆಯಲ್ಲಿ ಎರಡು ನಾಯಿ. ಬೆಳ್ಳಿ ಮುಧೋಳ ತಳಿ, ಕರಿಯ ಬೀದಿಯಿಂದ ಬಂದು ಉಳಿದುಕೊಂಡವನು.

ಜೂನ್‌ನಲ್ಲಿ ಎರಡು ಮಳೆ ಬಿದ್ದವು. ಬಾಗಿಲು ತೆಗೆದರೆ ಸಾಕು, ಮೂತ್ರದ ಘಾಟು. ಮೂಲೆ ಎತ್ತಿ ನೋಡಿದೆ. ಹುಲ್ಲಿನ ಅಡಿಗೆ ಕರಿ ಕೆಸರು ಅಂಟಿಕೊಂಡಿತ್ತು, ಬೆರಳಿಟ್ಟರೆ ಜಿಗಿಜಿಗಿ, ಪಕ್ಕದಲ್ಲಿ ಇರುವೆ ಸಾಲು. ನೀರು ಇಳಿದು ಹೋಗಲು ದಾರಿಯೇ ಇರಲಿಲ್ಲ. ಎಲ್ಲ ಕಿತ್ತು ಮತ್ತೆ ಹಾಸಬೇಕಾಯಿತು. ಆ ಖರ್ಚು ನಿಮಗೆ ಎರಡು ಸಲ ಬೀಳಬಾರದು.

ಹಾಗಾಗಿ ಮೊದಲ ಮಾತು, ಸ್ಯಾಂಪಲ್ ತುಂಡು ಕೈಗೆ ಬಂದ ಕೂಡಲೇ ಮಗುಚಿ ಬೆನ್ನು ನೋಡಿ. ಜಾಸ್ತಿ ಸಿಗುವುದು ಕರಿ ಲೇಟೆಕ್ಸ್, ಅಂದರೆ ರಬ್ಬರಿನಂಥ ಅಂಟು ಬಳಿದು, ಅಲ್ಲಲ್ಲಿ ತೂತು ಹೊಡೆದ ಮಾಲು. ಇದರಲ್ಲಿ ನೀರು ತೂತಿನಿಂದ ಮಾತ್ರ ಇಳಿಯುತ್ತದೆ. ನಾಯಿ ಎರಡು ತೂತಿನ ನಡುವೆ ಮೂತ್ರ ಮಾಡಿದರೆ ಅದು ಅಲ್ಲೇ ನಿಂತು ಒಣಗುತ್ತದೆ, ಒಣಗಿದ್ದು ಮಾರನೇ ದಿನ ಅಮೋನಿಯಾ ವಾಸನೆ ಹೊಡೆಯುತ್ತದೆ. ಇನ್ನೊಂದು ಬಗೆಯಲ್ಲಿ ಅಂಟು ಹೊಲಿಗೆಯ ಸಾಲಿಗೆ ಮಾತ್ರ ಇರುತ್ತದೆ, ನಡುವಿನ ಬಟ್ಟೆ ಪೂರ್ತಿ ನೀರು ಬಿಡುತ್ತದೆ. ನಾಯಿ ಇದ್ದವರಿಗೆ ಇದೇ ಸರಿ, ದುಡ್ಡು ಸ್ವಲ್ಪ ಜಾಸ್ತಿ ಆದರೂ. ಅಂಗಡಿಯವರ ಮಾತು ನಂಬಿ ಸುಮ್ನೆ ಬರಬೇಡಿ. ತುಂಡನ್ನು ಬಕೆಟ್ ಮೇಲೆ ಇಟ್ಟು ಒಂದು ತಂಬಿಗೆ ನೀರು ಸುರಿಯಿರಿ. ಸರ್ರನೆ ಇಳಿದರೆ ಸರಿ. ಮಡು ಕಟ್ಟಿ ನಿಂತರೆ ಬೇಡ.

ಎತ್ತರದ ವಿಷಯದಲ್ಲಿ ನಾನು ಮೋಸ ಹೋದೆ. ಉದ್ದ ಎಳೆ ಇದ್ದರೆ ಚೆನ್ನ ಅನ್ನಿಸುತ್ತದೆ, ಆದರೆ ಮಲ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ನಾಯಿ ಓಡಾಡುವ ದಾರಿಯಲ್ಲಿ ಎಳೆ ಬೇಗ ಮಲಗಿಬಿಡುತ್ತದೆ. ನಾಯಿಗೆ 25ರಿಂದ 30 ಮಿಲಿಮೀಟರ್ ಸಾಕು. ಎತ್ತರಕ್ಕಿಂತ ದಟ್ಟಣೆ ಮುಖ್ಯ. ತುಂಡನ್ನು ಮಡಚಿ ನೋಡಿ, ಸಾಲುಗಳ ನಡುವೆ ಬಟ್ಟೆ ಬೋಳಾಗಿ ಕಂಡರೆ ಅದು ತೆಳು ಮಾಲು. ಎಳೆ ಪಾಲಿಎಥಿಲಿನ್ ಇರಲಿ, ಅದು ಮೆದು. ಬರೀ ಪಾಲಿಪ್ರೊಪಿಲಿನ್ ಒರಟು, ಬೇಗ ಮಲಗುತ್ತದೆ. ನಾಲ್ಕು ಎಳೆ ಹಿಡಿದು ಜಗ್ಗಿ ನೋಡಿ. ಕೈಗೆ ಕಿತ್ತು ಬಂದರೆ ಮರಿನಾಯಿ ಇರುವ ಮನೆಗೆ ಆ ಹುಲ್ಲು ಬೇಡವೇ ಬೇಡ, ನುಂಗಿದ ಪ್ಲಾಸ್ಟಿಕ್ ಕರುಳಿಗೆ ಅಡ್ಡ ಕೂರಬಹುದು. ಸೀಸ ಇಲ್ಲದ್ದು, ಬಿಸಿಲು ತಡೆಯುವಂಥದ್ದು ಅಂತ ಕಂಪನಿ ಬರೆದುಕೊಟ್ಟ ಕಾಗದ ಕೇಳಿ.

ಇನ್ನು ಬಿಸಿಲು. ನಮ್ಮ ಕಡೆ ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ, ಪ್ಲಾಸ್ಟಿಕ್ ಹುಲ್ಲು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ, ನೆತ್ತಿ ಬಿಸಿಲಲ್ಲಿ 60 ಡಿಗ್ರಿ ದಾಟುವುದೂ ಉಂಟು. ಒಂದು ಮಧ್ಯಾಹ್ನ ಬೆಳ್ಳಿ ಅಂಗಳದ ನಡುವೆ ನಿಂತು ಮುಂಗಾಲು ಒಂದಾದ ಮೇಲೊಂದು ಎತ್ತುತ್ತಿದ್ದಳು. ಆಟ ಆಡುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋಗಿ ಮುಟ್ಟಿದಾಗ ಗೊತ್ತಾಯಿತು, ಕಾದ ಹಂಚಿನ ಹಾಗಿತ್ತು. ಕೈಯ ಹಿಂಭಾಗ ಹುಲ್ಲಿಗೆ ತಾಗಿಸಿ 7 ಸೆಕೆಂಡ್ ಇಡಲು ಆಗದಿದ್ದರೆ ನಾಯಿಯನ್ನು ಬಿಡಬೇಡಿ. ನೀರು ಚಿಮುಕಿಸಿದರೆ ತಣ್ಣಗಾಗುತ್ತದೆ ನಿಜ, ಆದರೆ ಸ್ವಲ್ಪ ಹೊತ್ತು ಅಷ್ಟೇ. ಮೇಲೆ ಹಸಿರು ಶೇಡ್ ನೆಟ್ ಕಟ್ಟಿ. ಅದಕ್ಕಿಂತ ಮುಖ್ಯ, ಅಂಗಳ ಪೂರ್ತಿ ಮುಚ್ಚಬೇಡಿ. ಬೇವಿನ ಮರದ ಬುಡದಲ್ಲಿ ನಾವು ಮಣ್ಣು ಹಾಗೇ ಬಿಟ್ಟಿದ್ದೇವೆ, ಬೇಸಿಗೆಯಲ್ಲಿ ಎರಡೂ ನಾಯಿ ಅಲ್ಲೇ ಕೆರೆದು ತಂಪು ಮಾಡಿಕೊಂಡು ಮಲಗುತ್ತವೆ.

ಎರೆಮಣ್ಣಿನ ಮೇಲೆ ನೇರ ಹಾಸಿದರೆ ಎಂಥ ದುಬಾರಿ ಹುಲ್ಲೂ ಉಳಿಯುವುದಿಲ್ಲ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅರ್ಧ ಅಡಿ ತೆಗೆಸಿ, ಗರಸು ಹಾಕಿಸಿ, ನೀರು ಹೊಡೆದು ದಮ್ಮಸು ಮಾಡಿಸಿ, ಮೇಲೆ ಸಣ್ಣ ಖಡಿ. ಇಳಿಜಾರು ಗಟಾರದ ಕಡೆ ಇರಲಿ, ಮೀಟರಿಗೆ 1ರಿಂದ 2 ಸೆಂಟಿಮೀಟರ್ ಸಾಕು. ನೆಲಕ್ಕೆ ಫರಸಿ ಕಲ್ಲು ಅಥವಾ ಕಾಂಕ್ರೀಟ್ ಇದ್ದರೆ ಕೆಲಸ ಸುಲಭ. ಆದರೂ ಮೊದಲು ಎರಡು ಕೊಡ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ ಗುರುತು ಹಾಕಿಕೊಳ್ಳಿ. ಬೆಳಗಾವಿಯಲ್ಲಿ ತಂಗಿ ಮನೆಯ ಕಷ್ಟವೇ ಬೇರೆ. ಅಲ್ಲಿ ಬಿಸಿಲಿಗಿಂತ ಮಳೆ ಕಾಟ, ಗೋಡೆ ನೆರಳಲ್ಲಿ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಗಡಸು ಪೊರಕೆಯಲ್ಲಿ ಉಜ್ಜಲೇಬೇಕು.

ಅಳತೆ ತೆಗೆಯುವಾಗ ರೋಲಿನ ಅಗಲ ಕೇಳಿ. ಸಾಮಾನ್ಯವಾಗಿ 2 ಮೀಟರ್, ಅಂದರೆ ಆರೂವರೆ ಅಡಿ. 12 ಅಡಿ ಅಗಲದ ಅಂಗಳಕ್ಕೆ ಎರಡು ಪಟ್ಟಿ ಬೇಕು, ನಡುವೆ ಒಂದೇ ಜೋಡಣೆ. ಎರಡರ ಎಳೆಯೂ ಒಂದೇ ದಿಕ್ಕಿಗೆ ವಾಲಿರಲಿ, ಇಲ್ಲದಿದ್ದರೆ ಎರಡು ಬಣ್ಣ ಕಾಣುತ್ತದೆ. ಅಂಚನ್ನು ಅಂಟು ಹಾಕಿ ಬಿಟ್ಟರೆ ಕೆರೆಯುವ ನಾಯಿ ಎರಡೇ ದಿನಕ್ಕೆ ಎಬ್ಬಿಸುತ್ತದೆ. ನಾವು ಸುತ್ತಲೂ ಫರಸಿ ಪಟ್ಟಿ ಕೂರಿಸಿ ಅಂಚು ಅದರಡಿ ಸಿಕ್ಕಿಸಿದ್ದೇವೆ.

ಎಳೆಗಳ ನಡುವೆ ತುಂಬಲು ಕರಿ ರಬ್ಬರ್ ಕಾಳು ಬೇಡ. ಕಾಯುತ್ತದೆ, ನಾತ ಬರುತ್ತದೆ, ನಾಯಿ ನೆಕ್ಕುತ್ತದೆ. ಜಿಯೋಲೈಟ್ ಅನ್ನುವ ಖನಿಜದ ಕಾಳು ಹಾಕಿ, ಅದು ಅಮೋನಿಯಾ ಹಿಡಿದಿಟ್ಟುಕೊಳ್ಳುತ್ತದೆ.

ತೊಳೆಯುವುದಕ್ಕೆ ದಿನಾ ಒಂದೆರಡು ಬಕೆಟ್ ನೀರು, ವಾರಕ್ಕೊಮ್ಮೆ ಮೂತ್ರದ ಕೊಳೆ ಒಡೆಯುವ ಎನ್‌ಜೈಮ್ ಕ್ಲೀನರ್. ಫಿನಾಯಿಲ್ ಹಾಕಬೇಡಿ, ನಾಯಿ ಪಾದ ನೆಕ್ಕಿಕೊಳ್ಳುತ್ತದೆ ಅಲ್ವಾ? ಬ್ಲೀಚಿಂಗ್ ಪುಡಿಯಂತೂ ಮೂತ್ರದ ಅಮೋನಿಯಾ ಜೊತೆ ಸೇರಿ ಕೆಟ್ಟ ಗಾಳಿ ಎಬ್ಬಿಸುತ್ತದೆ. ವಿನೆಗರ್ ನೀರಲ್ಲಿ ಬೆರೆಸಿ ಹಾಕಬಹುದು, ಆದರೆ ಫರಸಿ ಸುಣ್ಣದ ಕಲ್ಲು, ಅದರ ಮೇಲೆ ಬಿದ್ದರೆ ಬಿಳಿ ಕಲೆ ಉಳಿಯುತ್ತದೆ.

ಕೊನೆಗೆ ನಮಗೆ ಬಹಳ ಅನುಕೂಲ ಆದದ್ದು ಗೇಟಿನ ಮೂಲೆ. ಕರಿಯ ದಿನಾ ಕಾಲೆತ್ತುವುದು ಅಲ್ಲೇ. ಎರಡನೇ ಸಲ ಹಾಸುವಾಗ ಅಲ್ಲಿ ನಾಲ್ಕು ಅಡಿ ಜಾಗ ಹುಲ್ಲಿಲ್ಲದೆ ಬಿಟ್ಟು, ದುಂಡು ಕಲ್ಲು ತುಂಬಿ, ನಡುವೆ ಒಂದು ಕಟ್ಟಿಗೆ ಗೂಟ ನೆಟ್ಟೆವು. ಹಳೇ ಹುಲ್ಲಿನ ಒಂದು ತುಂಡನ್ನು, ತೊಳೆಯದೆ ಹಾಗೇ, ವಾರ ಕಾಲ ಗೂಟಕ್ಕೆ ಕಟ್ಟಿದ್ದೆ. ಈಗ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವನು ಅಲ್ಲಿಗೇ ಓಡುತ್ತಾನೆ.