ಜಿಗಿಹುಳುವಿನ ಹಿಂಗಾಲು, ಅದರ ಮರಿ ಬೆಳೆಯುವ ಗಿಡ

ಭತ್ತದ ಜಿಗಿಹುಳುವನ್ನು ಬಣ್ಣ ನೋಡಿ ಹೆಸರಿಸುವುದನ್ನು ನಾನು ಬಿಟ್ಟಿದ್ದೇನೆ. ಕಂದು ಜಿಗಿಹುಳುವಿನಲ್ಲೇ ತಿಳಿಹಳದಿ ಕಂದಿನಿಂದ ಕಪ್ಪಿನವರೆಗೆ ಎಲ್ಲ ಛಾಯೆಗಳೂ ಸಿಗುತ್ತವೆ.

ಗದ್ದೆಯಲ್ಲಿ ಪೈರಿನ ಬುಡವನ್ನು ಓರೆ ಮಾಡಿ, ನೀರಿನ ಮಟ್ಟದ ಸ್ವಲ್ಪ ಮೇಲೆ ತಟ್ಟಿ, ಕೆಳಗೆ ಹಿಡಿದ ಬಿಳಿ ತಟ್ಟೆಗೆ ಹುಳು ಬೀಳಿಸುತ್ತೇನೆ. ಅವನ್ನು 70% ಆಲ್ಕೋಹಾಲಿಗೆ ಹಾಕಿ, ಯಾವ ಗಿಡ, ಅದರ ಯಾವ ಭಾಗ, ಮರಿಗಳಿದ್ದವೇ ಎಂದು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಸೀಸೆಯೊಳಗೇ ಇಡುತ್ತೇನೆ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋದರೆ ಆ ಮಾದರಿಗೆ ಬೆಲೆಯೇ ಇಲ್ಲ.

10 ಪಟ್ಟು ಹಿಗ್ಗಿಸುವ ಲೆನ್ಸ್ ಸಾಕು, ಮೊದಲು ಹಿಂಗಾಲು ನೋಡಿ. ಕಣಕಾಲಿನ ತುದಿಯಲ್ಲಿ, ಪಾದ ಸೇರುವ ಕಡೆ, ಅಲುಗಾಡುವ ದೊಡ್ಡ ಮುಳ್ಳೊಂದು ಇದ್ದರೆ ಅದು ಕಂದು ಜಿಗಿಹುಳು ಸೇರಿರುವ ಡೆಲ್ಫಾಸಿಡೇ ಕುಟುಂಬದ್ದು. ಕಣಕಾಲಿನ ಉದ್ದಕ್ಕೂ ಸಣ್ಣ ಮುಳ್ಳುಗಳ ಸಾಲಿದ್ದರೆ ಅದು ಹಸಿರು ಜಿಗಿಹುಳುವಿನಂಥ ಬೇರೆ ಗುಂಪು. ಮೀಸೆಯೂ ಸುಳಿವು ಕೊಡುತ್ತದೆ: ಡೆಲ್ಫಾಸಿಡೇಯಲ್ಲಿ ಅದು ಕಣ್ಣಿನ ಕೆಳಗೆ ಹುಟ್ಟುತ್ತದೆ, ಎರಡನೇ ಗೆಣ್ಣು ದಪ್ಪ, ಅದರ ಮೇಲೆ ಸಂವೇದನೆಯ ಸಣ್ಣ ಗುಬುಟುಗಳು, ತುದಿಯಲ್ಲಿ ಕೂದಲಿನಂಥ ಎಳೆ.

ಕಂದು ಜಿಗಿಹುಳುವಿನ ಕುಲವಾದ ನಿಲಪರ್ವತ ಖಚಿತವಾಗಬೇಕಾದರೆ 40 ಪಟ್ಟು ಹಿಗ್ಗಿಸಿ ಹಿಂಪಾದದ ಮೊದಲ ಗೆಣ್ಣಿನ ಪಕ್ಕವನ್ನು ನೋಡಬೇಕು. ಅಲ್ಲಿ ಒಂದೋ ಎರಡೋ ಕಿರುಮುಳ್ಳು ಕಾಣುತ್ತದೆ. ಬಿಳಿಬೆನ್ನಿನ ಜಿಗಿಹುಳುವಿಗೆ ಅವಿಲ್ಲ. ಕಾಲು ಮಡಚಿದ್ದರೆ ಅವು ಮರೆಯಾಗುತ್ತವೆ, ಸೂಜಿಯಿಂದ ಬಿಡಿಸಿಯೇ ನೋಡಿ.

ಕುಲದೊಳಗೆ ಯಾವ ಜಾತಿ ಎಂದು ಗುರುತಿಸಲು ಗಂಡುಹುಳುವೇ ಬೇಕು. ಹೊಟ್ಟೆಯ ತುದಿಯನ್ನು ಬೇರ್ಪಡಿಸಿ 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಒಂದು ರಾತ್ರಿ ನೆನೆಸಿ, ನೀರಿನಲ್ಲಿ ತೊಳೆದು, ಗ್ಲಿಸರಿನ್‌ ಹನಿಯಲ್ಲಿಟ್ಟು ಜನನಾಂಗದ ಕೊಕ್ಕೆಗಳ ಆಕಾರ ನೋಡುತ್ತೇನೆ. ಅವಸರಕ್ಕೆ ಕುದಿಸಿದರೆ ಭಾಗಗಳು ಅತಿಯಾಗಿ ಪಾರದರ್ಶಕವಾಗಿ ಅಂಚೇ ತಿಳಿಯುವುದಿಲ್ಲ. ಮೋಟು ರೆಕ್ಕೆಯ ಹೆಣ್ಣನ್ನು ಮರಿ ಎಂದು ಎಣಿಸುವ ತಪ್ಪು ಬಹಳ ಸಾಮಾನ್ಯ. ರೆಕ್ಕೆಯಲ್ಲಿ ನರಗಳಿದ್ದು, ಹೊಟ್ಟೆಯಡಿ ಗರಗಸದಂಥ ಮೊಟ್ಟೆಯಿಡುವ ಅಂಗ ಕಂಡರೆ ಅದು ಬೆಳೆದ ಹೆಣ್ಣು.

ಇನ್ನು ಆಸರೆ ಗಿಡ, ಅಂದರೆ ಹುಳು ಮರಿಯಿಂದ ಬೆಳೆದು ದೊಡ್ಡದಾಗುವ ಗಿಡ. ರೆಕ್ಕೆಯ ಹುಳು ಕೂತಿದ್ದ ಕಡೆಯನ್ನೆಲ್ಲ ನಾನು ಪಟ್ಟಿಗೆ ಸೇರಿಸುವುದಿಲ್ಲ, ಮರಿಗಳು ಬೆಳೆಯಬೇಕು. ಬದುವಿನ ಹುಲ್ಲನ್ನು ಬೀಜದಿಂದಲೇ ಕುಂಡದಲ್ಲಿ ಬೆಳೆಸಿ, ಬಲೆಯೊಳಗಿಟ್ಟು 5 ಬಸುರಿ ಹೆಣ್ಣು ಬಿಡುತ್ತೇನೆ. ಪಕ್ಕದಲ್ಲಿ ಹೋಲಿಕೆಗೆ, ಈ ಹುಳುವಿಗೆ ಸುಲಭವಾಗಿ ತುತ್ತಾಗುವ ಟಿಎನ್‌1 ತಳಿಯ ಭತ್ತದ ಕುಂಡ. ಗದ್ದೆಯಿಂದ ಕಿತ್ತ ಹುಲ್ಲು ನೆಟ್ಟರೆ ಎಲೆಯ ಕವಚದೊಳಗೆ ಮೊದಲೇ ಇದ್ದ ಮೊಟ್ಟೆಗಳು ಒಡೆದು ಫಲಿತಾಂಶವೇ ಕೆಡುತ್ತದೆ. ಜೇಡ ಒಳಸೇರಿದರೂ ಅಷ್ಟೇ. ಸುಮಾರು 7ರಿಂದ 9 ದಿನಕ್ಕೆ ಮರಿ ಬರುತ್ತದೆ. ಅವು ಐದು ಹಂತ ದಾಟಿ ರೆಕ್ಕೆ ಪಡೆದರೆ ಮಾತ್ರ ಅದನ್ನು ಆಸರೆ ಗಿಡ ಎನ್ನುತ್ತೇನೆ.

ಕಂದು ಜಿಗಿಹುಳುವಿಗೆ ಭತ್ತವೇ ಮುಖ್ಯ. ಲೀರ್ಸಿಯಾ ಹುಲ್ಲಿನ ಮೇಲೆ ಅದೇ ಕುಲದ ನಿಲಪರ್ವತ ಬೇಕೆರಿಯೂ ಬೆಳೆಯುವುದರಿಂದ ಅಲ್ಲಿ ಸಿಕ್ಕ ಗಂಡುಗಳನ್ನು ಬಿಡಿಸಿ ನೋಡಲೇಬೇಕು. ಜೋಳ, ಮೆಕ್ಕೆಜೋಳದ ಸುಳಿಯಲ್ಲಿ ಗುಂಪಾಗಿರುವುದು ಪೆರೆಗ್ರಿನಸ್ ಮೈಡಿಸ್ ಎಂಬ ಜಿಗಿಹುಳು. ಅಡಿಕೆ ಸೋಗೆಯ ಮೇಲಿನ ಪ್ರೌಟಿಸ್ಟಾ ಮೋಸ್ಟಾ ಎಂಬ ಹುಳು ಡರ್ಬಿಡೇ ಎಂಬ ಬೇರೆ ಕುಟುಂಬದ್ದು. ಅದರ ಮರಿಯನ್ನು ಸೋಗೆಯಲ್ಲಿ ಹುಡುಕಬೇಡಿ, ಕೊಳೆಯುವ ಕಸದ ರಾಶಿಯಲ್ಲಿ ಹುಡುಕಿ.