ದಾವಣಗೆರೆಯಲ್ಲಿ ಮನೆ, ಜಕ್ಕೂರಿನಲ್ಲಿ ವಿಮಾನ: ಸೆಸ್ನಾ 172 ನಿಭಾಯಿಸುವ ಬಗೆ

ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಇಲ್ಲಿ ಮನೆಯಿರುವವರು ಸಣ್ಣ ವಿಮಾನ ಕೊಂಡರೆ ಅದನ್ನು ಬೇರೆ ಊರಿನಲ್ಲೇ ನಿಲ್ಲಿಸಬೇಕು. ನಮ್ಮ ಮೂವರು ಪಾಲುದಾರರ ಸೆಸ್ನಾ 172ಪಿ ಇರುವುದು ಬೆಂಗಳೂರಿನ ಜಕ್ಕೂರಿನಲ್ಲಿ, ಹೆದ್ದಾರಿ 48ರಲ್ಲಿ ಸುಮಾರು 260 ಕಿ.ಮೀ. ಆಚೆ. ಹತ್ತಿರ ಎಂಬ ಕಾರಣಕ್ಕೆ ಶಿವಮೊಗ್ಗವನ್ನೋ ಹುಬ್ಬಳ್ಳಿಯನ್ನೋ ಯೋಚಿಸುವವರಿದ್ದಾರೆ. ನಾನು ದೂರವನ್ನು ಮೊದಲು ನೋಡುವುದಿಲ್ಲ. ಪಿಸ್ಟನ್ ಇಂಜಿನ್ ಬಲ್ಲ ಎಎಂಇ (ವಿಮಾನ ದುರಸ್ತಿಯ ಲೈಸೆನ್ಸ್ ಇರುವ ಇಂಜಿನಿಯರ್), ಏವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲ್, ತಲೆ ಮೇಲೊಂದು ಸೂರು, ಈ ಮೂರೂ ಒಂದೇ ಕಡೆ ಸಿಗುತ್ತವೆಯೇ ಎಂದು ನೋಡುತ್ತೇನೆ. ಒಂದು ತಪ್ಪಿದರೂ ವಿಮಾನ ನಿಂತುಬಿಡುತ್ತದೆ. ನಿಂತ ವಿಮಾನ ಹಾರುವ ವಿಮಾನಕ್ಕಿಂತ ಬೇಗ ಕೆಡುತ್ತದೆ. ದೂರದ ಮಾಲೀಕರಿಗೆ ಬರುವ ಖರ್ಚಿನಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಕಾರಣ ಇಂಜಿನ್ನಿನ ರಚನೆಯಲ್ಲಿದೆ. ನಮ್ಮದು ಲೈಕಾಮಿಂಗ್ ಒ-320-ಡಿ2ಜೆ, ನಾಲ್ಕು ಸಿಲಿಂಡರ್, 160 ಅಶ್ವಶಕ್ತಿ. ಇದರಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟ್‌ನ ಮೇಲೆ. ಇಂಜಿನ್ ನಿಂತ ಮೇಲೆ ಆಯಿಲ್ ಕೆಳಗಿಳಿದು ಸಂಪ್ ಎಂಬ ತಳದ ತೊಟ್ಟಿ ಸೇರುತ್ತದೆ, ಕ್ಯಾಮ್ ಮತ್ತು ಅದು ತಳ್ಳುವ ಟ್ಯಾಪೆಟ್ ಮೇಲಿನ ಪದರ ದಿನದಿಂದ ದಿನಕ್ಕೆ ತೆಳುವಾಗುತ್ತದೆ. ಇಂಧನ ಉರಿದಾಗ ಹುಟ್ಟುವ ನೀರಾವಿ ಪಿಸ್ಟನ್ ರಿಂಗ್ ದಾಟಿ ಒಳಗೆ ಸೇರಿರುತ್ತದೆ. ರಾತ್ರಿ ತಂಪಾದಾಗ ಅದು ಉಕ್ಕಿನ ಮೇಲೆ ಹನಿಯುತ್ತದೆ, ತುಕ್ಕು ಹಿಡಿಯುತ್ತದೆ. ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಆ ತುಕ್ಕು ಉಜ್ಜಿಹೋಗಿ ಸಣ್ಣ ಗುಳಿಗಳು ಉಳಿಯುತ್ತವೆ, ಗುಳಿಯಿಂದ ಲೋಹದ ಚಕ್ಕೆ ಏಳುತ್ತದೆ. ಈ ಇಂಜಿನ್ನಿನ ಟ್ಯಾಪೆಟ್ ಬುಡ ಅಣಬೆಯಂತೆ ಅಗಲ. ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನ್ನಿನ ಹೊರಕವಚ, ಬಿಚ್ಚದೆ ಹೊರಗೆ ಬರುವುದಿಲ್ಲ. ಒಂದು ಟ್ಯಾಪೆಟ್ ಕೆಟ್ಟರೂ ಇಡೀ ಇಂಜಿನ್ ಬಿಚ್ಚುವ ಖರ್ಚು ಬರುವುದು ಅದಕ್ಕೇ.

ಹ್ಯಾಂಗರ್ ಮುಂದೆ ನಿಲ್ಲಿಸಿ ಹತ್ತು ನಿಮಿಷ ಇಂಜಿನ್ ಓಡಿಸಿದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಅದರಿಂದ ಕೆಡುಕೇ ಹೆಚ್ಚು. ಅಷ್ಟರಲ್ಲಿ ಹೊಸ ನೀರಾವಿ ಸೇರುತ್ತದೆ, ಅದನ್ನು ಹೊರಹಾಕುವಷ್ಟು ಆಯಿಲ್ ಬಿಸಿಯಾಗುವುದಿಲ್ಲ. ಆಯಿಲ್ 74ರಿಂದ 93 ಡಿಗ್ರಿ ಸೆಲ್ಸಿಯಸ್ ನಡುವೆ ಕನಿಷ್ಠ ಒಂದು ಗಂಟೆ ಇರುವಂತೆ ಹಾರಿಸಬೇಕು. ಪ್ರೊಪೆಲರನ್ನು ಕೈಯಿಂದ ತಿರುಗಿಸಿಡುವ ಅಭ್ಯಾಸವೂ ಬೇಡ. ಉಳಿದಿದ್ದ ಅಲ್ಪಸ್ವಲ್ಪ ಆಯಿಲ್ ಪದರವೂ ಅದರಿಂದ ಒರೆಸಿಹೋಗುತ್ತದೆ. ಲೈಕಾಮಿಂಗ್ ಕಂಪನಿಯೇ ಇದನ್ನು ಬೇಡ ಎನ್ನುತ್ತದೆ. ಜೊತೆಗೆ ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊದ ಗ್ರೌಂಡಿಂಗ್ ತಂತಿ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಇಂಜಿನ್ ಹೊತ್ತಿಕೊಳ್ಳಬಹುದು. ಪ್ರೊಪೆಲರ್ ಹತ್ತಿರ ಹೋಗುವ ಯಾರೇ ಆಗಲಿ ಅದು ಈಗ ತಿರುಗಬಹುದು ಎಂದೇ ತಿಳಿದು ನಡೆದುಕೊಳ್ಳಬೇಕು.

ಆದ್ದರಿಂದ ನಮ್ಮ ಒಪ್ಪಂದ ಸರಳ: ಹತ್ತು ದಿನ ವಿಮಾನ ನಿಂತಿತೆಂದರೆ ಬೆಂಗಳೂರಿನಲ್ಲಿರುವ ಪಾಲುದಾರ ಹಾರಿಸಬೇಕು. ಇದನ್ನು ಬಾಯಿ ಮಾತಿನಲ್ಲಿ ಬಿಡದೆ ಬರೆದಿಟ್ಟಿದ್ದೇವೆ. ಪಾಲುದಾರರನ್ನು ಆರಿಸುವಾಗ ದುಡ್ಡಿಗಿಂತ ಮೊದಲು ಹ್ಯಾಂಗರ್ ಹತ್ತಿರ ವಾಸವಿರುವ, ಚಾಲ್ತಿ ಲೈಸೆನ್ಸ್ ಇರುವ ಒಬ್ಬರನ್ನಾದರೂ ಹುಡುಕಿ. ನನ್ನ ಸರದಿ ಬಂದಾಗ ಹುಬ್ಬಳ್ಳಿ ಕಡೆ ಹೋಗಿಬರುವುದು ಇಷ್ಟ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಎಂದು ಹೆದ್ದಾರಿಯ ಜಾಡಿನಲ್ಲೇ ಸಾಗಿದರೆ ಒಂದು ಕಡೆಗೆ ಸುಮಾರು ಎರಡು ಗಂಟೆ. ಇಂಜಿನ್ನಿಗೆ ಬೇಕಾದ ಬಿಸಿ ಪೂರ್ತಿ ಸಿಗುತ್ತದೆ. ಫ್ಲೈಟ್ ಪ್ಲಾನ್, ಎಫ್‌ಐಸಿ (ವಿಮಾನ ಮಾಹಿತಿ ಕೇಂದ್ರ) ಮತ್ತು ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್ ಇಲ್ಲದೆ ಹೊರಡುವಂತಿಲ್ಲ. ಚಳ್ಳಕೆರೆ ಹತ್ತಿರ ಡಿಆರ್‌ಡಿಒ ಪರೀಕ್ಷಾ ವಲಯವಿದೆ, ಪ್ರತಿ ಸಲವೂ ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಎಚ್ಚರಿಕೆ ಸೂಚನೆ) ಓದಿ. ಮೋಡ ಕೆಳಗಿಳಿದ ದಿನ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಕಡೆ ಸುಳಿಯಬೇಡಿ.

ಮಳೆಗಾಲದಲ್ಲಿ ವಾರಗಟ್ಟಲೆ ಹಾರಲಾಗದಿದ್ದರೆ ಒಂದು ಒಣಗಿಸುವ ಸಾಧನ ಸಾಕಷ್ಟು ಕೆಲಸ ಮಾಡುತ್ತದೆ. ಮೀನು ತೊಟ್ಟಿಗೆ ಹಾಕುವ ಸಣ್ಣ ಗಾಳಿ ಪಂಪ್, ಮುಚ್ಚಳ ಬಿಗಿಯಾಗುವ ಒಂದು ಡಬ್ಬಿ, ಅದರ ತುಂಬ ಸಿಲಿಕಾ ಜೆಲ್, ಪ್ಲಾಸ್ಟಿಕ್ ಕೊಳವೆ. ಪಂಪಿನ ಗಾಳಿ ಜೆಲ್ ಮೂಲಕ ಹಾದು ಆಯಿಲ್ ತುಂಬುವ ಬಾಯಿಯಿಂದ ಒಳಹೋಗಿ, ಇಂಜಿನ್ ಒಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಕೊಳವೆಯಿಂದ ಹೊರಬರಬೇಕು. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ 120 ಡಿಗ್ರಿಯ ಓವನ್ನಿನಲ್ಲಿ ಒಣಗಿಸಿ ಮತ್ತೆ ಹಾಕಬಹುದು. ಇದನ್ನು ತೆಗೆಯದೆ ಸ್ಟಾರ್ಟ್ ಮಾಡದಂತೆ ನೆನಪಿಗೆ ಕೊಳವೆಗೆ ಉದ್ದನೆಯ ಕೆಂಪು ಪಟ್ಟಿ ಕಟ್ಟಿ, ಅದರ ಇನ್ನೊಂದು ತುದಿ ಕಾಕ್‌ಪಿಟ್ಟಿನ ಕೀಲಿ ಜಾಗದವರೆಗೂ ಬರಲಿ. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದು ಖಚಿತವಾದರೆ ಇಷ್ಟು ಸಾಲದು. ಪ್ರಿಸರ್ವೇಟಿವ್ ಆಯಿಲ್, ಸಿಲಿಂಡರಿಗೆ ತೇವ ಹೀರುವ ಡಿಹೈಡ್ರೇಟರ್ ಪ್ಲಗ್, ಎಕ್ಸಾಸ್ಟ್ ಮತ್ತು ಇನ್‌ಟೇಕ್ ಬಾಯಿಗೆ ಜೆಲ್ ಚೀಲ ಹಾಕಿಸಿ, ಎಎಂಇಯಿಂದ ದಾಖಲೆ ಮಾಡಿಸಬೇಕು.

ಆಯಿಲ್ ಬದಲಾವಣೆ ಫಿಲ್ಟರ್ ಇರುವ ಇಂಜಿನ್ನಿಗೆ 50 ಗಂಟೆಗೆ ಅಥವಾ ನಾಲ್ಕು ತಿಂಗಳಿಗೆ, ಯಾವುದು ಮೊದಲೋ ಅದು. ಬರೀ ಜಾಲರಿ ಇದ್ದರೆ 25 ಗಂಟೆಗೆ. ನಮ್ಮಂಥವರಿಗೆ ನಾಲ್ಕು ತಿಂಗಳೇ ಮೊದಲು ಬರುತ್ತದೆ, ಗಂಟೆ ತುಂಬಿಲ್ಲವೆಂದು ಮುಂದೂಡಬೇಡಿ. ನಿಂತ ಆಯಿಲ್‌ನಲ್ಲಿ ನೀರು, ಆಮ್ಲ ಎರಡೂ ಕೂಡಿರುತ್ತವೆ. ನಮ್ಮ ಹವೆಗೆ ಡಬ್ಲ್ಯು100, ಅಂದರೆ ಎಸ್‌ಎಇ 50 ಸರಿ. ಮಲ್ಟಿಗ್ರೇಡ್‌ಗಿಂತ ಇದು ನಿಂತ ಇಂಜಿನ್ನಿನ ಲೋಹಕ್ಕೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಇಂಜಿನ್ ಎಂಟು ಕ್ವಾರ್ಟ್ (ಒಂದು ಕ್ವಾರ್ಟ್ ಒಂದು ಲೀಟರಿಗಿಂತ ತುಸು ಕಡಿಮೆ) ಹಿಡಿಯುತ್ತದೆ, ಆದರೆ ಮೇಲಿನ ಒಂದು ಕ್ವಾರ್ಟ್ ಬ್ರೀದರ್ ಮೂಲಕ ಹೊಟ್ಟೆಯ ತಗಡಿಗೆ ಎರಚಿಹೋಗುವುದೇ ಹೆಚ್ಚು. ಆರು-ಏಳರ ನಡುವೆ ಇಡುತ್ತೇನೆ, ದೂರದ ಹಾರಾಟಕ್ಕೆ ಮಾತ್ರ ತುಂಬಿಸುತ್ತೇನೆ.

ತೆಗೆದ ಫಿಲ್ಟರನ್ನು ಕತ್ತರಿಸಿ ನೋಡದೆ ಎಸೆಯುವುದು ವೈದ್ಯರ ವರದಿ ಓದದೆ ಹರಿದುಹಾಕಿದಂತೆ. ಹ್ಯಾಕ್‌ಸಾ ಬಳಸಬೇಡಿ, ಅದರ ಪುಡಿಯೇ ಒಳಗೆ ಬೀಳುತ್ತದೆ. ಫಿಲ್ಟರ್ ಕಟರ್ ಬೇಕು. ಕಾಗದದ ಮಡಿಕೆಗಳನ್ನು ಬಿಚ್ಚಿ ಬಿಸಿಲಿನಲ್ಲಿ ಹರಡಿ, ದ್ರಾವಕದಲ್ಲಿ ತೊಳೆದ ಗಸಿಯ ಮೇಲೆ ಅಯಸ್ಕಾಂತ ಆಡಿಸಿ. ಅಂಟಿಕೊಂಡರೆ ಉಕ್ಕು, ಕ್ಯಾಮ್, ಟ್ಯಾಪೆಟ್ ಕಡೆ ಅನುಮಾನ. ಅಂಟದ ಬೆಳ್ಳಿ ಚೂರು ಅಲ್ಯೂಮಿನಿಯಂ. ಪಿಸ್ಟನ್ ಅಥವಾ ಪಿಸ್ಟನ್ ಪಿನ್ ಪ್ಲಗ್. ತಾಮ್ರದ ಬಣ್ಣ ಕಂಡರೆ ಬುಷಿಂಗ್. ಎಲ್ಲ ಸಲದ ಗಸಿಯನ್ನೂ ಸಣ್ಣ ಕವರಿನಲ್ಲಿ ದಿನಾಂಕ ಬರೆದು ಇಟ್ಟುಕೊಳ್ಳಿ. ಒಂದು ಸಲದ ನಾಲ್ಕು ಚೂರಿಗಿಂತ ಸಲದಿಂದ ಸಲಕ್ಕೆ ಏರುತ್ತಿರುವ ಪ್ರಮಾಣ ಹೆಚ್ಚು ಹೇಳುತ್ತದೆ. ಸಂಪ್ ತಳದ ಸಕ್ಷನ್ ಜಾಲರಿಯನ್ನು ತೆಗೆದು ನೋಡಲು ಮರೆಯಬೇಡಿ, ದಪ್ಪ ತುಂಡುಗಳು ಫಿಲ್ಟರ್ ತನಕ ಬರದೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಹೊಸ ಫಿಲ್ಟರಿನ ರಬ್ಬರಿಗೆ ಡಿಸಿ-4 ಎಂಬ ಸಿಲಿಕೋನ್ ಲೇಪ ಸವರಿ, 16ರಿಂದ 18 ಅಡಿ-ಪೌಂಡ್ ಟಾರ್ಕ್ ಕೊಟ್ಟು, ಸೇಫ್ಟಿ ವೈರ್ ಕಟ್ಟಿ. ಇಂಜಿನ್ ಓಡಿಸಿ ಸೋರಿಕೆ ನೋಡಿದ ಮೇಲೆಯೇ ಕೌಲಿಂಗ್ (ಇಂಜಿನ್ ಮೇಲಿನ ತಗಡಿನ ಮುಚ್ಚಳ) ಮುಚ್ಚಿ. ಕೈ ನಿಮ್ಮದಿರಬಹುದು; ಪಕ್ಕದಲ್ಲಿ ನಿಂತು ನೋಡಿ ಲಾಗ್‌ಬುಕ್‌ಗೆ ಸಹಿ ಹಾಕುವವರು ಲೈಸೆನ್ಸ್ ಇರುವ ಎಎಂಇ ಆಗಿರಬೇಕು.

ಕಂಪ್ರೆಷನ್ ಪರೀಕ್ಷೆ 80 ಪಿಎಸ್‌ಐ ಗಾಳಿ ಕೊಟ್ಟು, ಇಂಜಿನ್ ಬೆಚ್ಚಗಿರುವಾಗ. ಸಂಖ್ಯೆಗಿಂತ ಗಾಳಿ ಎಲ್ಲಿಂದ ಸೋರುತ್ತಿದೆ ಎಂಬ ಸದ್ದು ಮುಖ್ಯ. ಎಕ್ಸಾಸ್ಟ್ ಕೊಳವೆಯಲ್ಲಿ ಹಿಸ್ ಎಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರ್ ಕಡೆ ಕೇಳಿಸಿದರೆ ಇನ್‌ಟೇಕ್ ವಾಲ್ವ್, ಆಯಿಲ್ ತುಂಬುವ ಬಾಯಲ್ಲಾದರೆ ರಿಂಗ್. 65ಕ್ಕಿಂತ ಕೆಳಗಿಳಿದರೆ ಅಥವಾ ಸಿಲಿಂಡರುಗಳ ನಡುವೆ 15 ಪಿಎಸ್‌ಐ ಅಂತರ ಬಂದರೆ ಒಳಗೆ ಇಣುಕುವ ಸಣ್ಣ ಕ್ಯಾಮೆರಾ, ಬೋರ್‌ಸ್ಕೋಪ್, ಹಾಕಿಸಿ. ಸಿಲಿಂಡರ್ ಬಿಚ್ಚುವ ನಿರ್ಧಾರ ಅದಾದ ಮೇಲೆ.

ಪ್ಲಗ್ ಎಂಟು. ಕೆಳಗಿನ ನಾಲ್ಕರಲ್ಲಿ ಇಂಧನದಲ್ಲಿರುವ ಸೀಸ ಗೋಲಿಯಾಗಿ ಕೂರುತ್ತದೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಅಲ್ಲಿ ಮಿಕ್ಸ್ಚರ್ (ಗಾಳಿ-ಇಂಧನದ ಮಿಶ್ರಣ) ಪೂರ್ತಿ ರಿಚ್, ಅಂದರೆ ಇಂಧನ ಹೆಚ್ಚಾಗಿ, ಇಟ್ಟು ಟ್ಯಾಕ್ಸಿ ಮಾಡಿದರೆ ಪ್ಲಗ್ ಕೆಡುವುದು ಖಂಡಿತ. ಸ್ಟಾರ್ಟ್ ಆದ ಕೂಡಲೇ ಲೀನ್ ಮಾಡಿ, ಅಂದರೆ ಇಂಧನ ತಗ್ಗಿಸಿ, ಥ್ರಾಟಲ್ ಕೊಟ್ಟರೆ ಇಂಜಿನ್ ತಡವರಿಸುವಷ್ಟು. ಆಗ ಅದೇ ಸ್ಥಿತಿಯಲ್ಲಿ ಮರೆತು ಟೇಕಾಫ್ ಮಾಡಲೂ ಆಗುವುದಿಲ್ಲ. ತೆಗೆದ ಪ್ಲಗ್ಗನ್ನು ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ ಬದಲಿಸಿ, ಪ್ರತಿ ಸಲ ಹೊಸ ತಾಮ್ರದ ವಾಷರ್, 35 ಅಡಿ-ಪೌಂಡ್ ಟಾರ್ಕ್. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ನೋಡಲು ಚೆನ್ನಾಗಿದ್ದರೂ ಮತ್ತೆ ಹಾಕಬೇಡಿ, ಒಳಗಿನ ಪಿಂಗಾಣಿ ಸೀಳಿರಬಹುದು. 1700 ಆರ್‌ಪಿಎಂನಲ್ಲಿ ಎರಡು ಮ್ಯಾಗ್ನೆಟೊಗಳಲ್ಲಿ ಒಂದೊಂದನ್ನೇ ಆಫ್ ಮಾಡಿ ನೋಡುವಾಗ ಆರ್‌ಪಿಎಂ ಇಳಿತ 125 ಮೀರಬಾರದು, ಎರಡರ ನಡುವಿನ ಅಂತರ 50 ಮೀರಬಾರದು. ಇಳಿತವೇ ಇಲ್ಲದಿದ್ದರೆ ಖುಷಿಪಡಬೇಡಿ, ಗ್ರೌಂಡಿಂಗ್ ತಂತಿ ಕಡಿದಿರಬಹುದು. ಮ್ಯಾಗ್ನೆಟೊ ಒಳಗಿನ ತಪಾಸಣೆ 500 ಗಂಟೆಗೆ.

ಇಂಧನ 100ಎಲ್‌ಎಲ್ ಏವ್‌ಗ್ಯಾಸ್, ಬಣ್ಣ ನೀಲಿ. ಇಂಡಿಯನ್ ಆಯಿಲ್ 2022ರಿಂದ ವಡೋದರಾದಲ್ಲಿ ಇದನ್ನು ತಯಾರಿಸುತ್ತಿದೆ, ಅದಕ್ಕೆ ಮುಂಚೆ ಆಮದು ಮಾತ್ರ. ಬಂಕಿನ ಪೆಟ್ರೋಲ್ ಹಾಕಬಾರದು. ಈಗ ಅದರಲ್ಲಿ 20 ಶೇಕಡಾ ಎಥನಾಲ್ ಇದೆ. ಅದು ಹಳೆಯ ಸೀಲುಗಳನ್ನು ತಿನ್ನುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ. ಮೈಕ್ರೊಲೈಟ್‌ಗಳ ರೋಟ್ಯಾಕ್ಸ್ 912 ಕೂಡ 10 ಶೇಕಡಾದವರೆಗೆ ಮಾತ್ರ ಒಪ್ಪುತ್ತದೆ. ಬ್ಯಾರಲ್‌ನಲ್ಲಿ ಕೊಂಡರೆ ಮಲಗಿಸಿ, ಎರಡೂ ಬಿರಡೆ ಒಂದೇ ಮಟ್ಟದಲ್ಲಿ ಅಡ್ಡಕ್ಕಿರುವಂತೆ ಇಡಿ. ನಿಲ್ಲಿಸಿಟ್ಟ ಬ್ಯಾರಲ್‌ನ ತಲೆ ಮೇಲೆ ಮಳೆನೀರು ನಿಂತು ಬಿರಡೆಯಿಂದ ಒಳಗಿಳಿಯುತ್ತದೆ. ಹಾರುವ ಮುನ್ನ ಎರಡೂ ರೆಕ್ಕೆಯ ತಳ ಮತ್ತು ಸ್ಟ್ರೈನರ್‌ನಿಂದ ಇಂಧನ ತೆಗೆದು ನೋಡಿ. ಲೋಟದ ತುಂಬ ನೀರೇ ಬಂದಿದ್ದರೆ ನಡುವೆ ಗೆರೆ ಕಾಣುವುದಿಲ್ಲ, ಆದ್ದರಿಂದ ಬಿಳಿ ಹಿನ್ನೆಲೆಗೆ ಹಿಡಿದು ನೀಲಿ ಇದೆಯೇ ನೋಡಬೇಕು. ಟ್ಯಾಂಕ್ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಮಳೆನೀರು ಅಲ್ಲಿಂದಲೇ ಇಳಿಯುವುದು.

ಉಳಿದದ್ದು ಬೇಗ ಹೇಳುತ್ತೇನೆ. ವೇಗ ಅಳೆಯುವ ಪಿಟೊ ಕೊಳವೆಗೂ ಎಡರೆಕ್ಕೆಯ ಕೆಳಗಿನ ಇಂಧನ ವೆಂಟಿಗೂ ಮಣ್ಣಿನ ಗೂಡು ಕಟ್ಟುವ ಕಣಜ ಒಂದೆರಡು ದಿನದಲ್ಲೇ ಬರುತ್ತದೆ. ವೆಂಟ್ ಮುಚ್ಚಿದರೆ ಟ್ಯಾಂಕಿನಲ್ಲಿ ಇಂಧನವಿದ್ದೂ ಇಂಜಿನ್ ಹಸಿಯುತ್ತದೆ. ಇಲಿ ತಂತಿ ಕಡಿಯುವುದು ಒಂದು, ಅದರ ಮೂತ್ರ ಅಲ್ಯೂಮಿನಿಯಂ ಕೊರೆಯುವುದು ಇನ್ನೊಂದು. ಟೈರಿನ ಗಾಳಿ ನಿಮ್ಮ ಮಾದರಿಯ ಕೈಪಿಡಿಯಲ್ಲಿ ಇದ್ದಷ್ಟೇ. ಬ್ರೇಕ್ ಲೈನಿಂಗ್ 2.5 ಮಿ.ಮೀ.ಗೆ ಇಳಿದರೆ ಬದಲಿಸಿ. ಬೇಗ ದಾಟಲಾಗದ ವಿಷಯ ಸೀಟಿನ ಹಳಿ. ಹಳಿಯ ರಂಧ್ರ ಸವೆದು 0.36 ಇಂಚು ಮುಟ್ಟಿದರೆ ಪಿನ್ ಹಿಡಿಯುವುದಿಲ್ಲ, ಟೇಕಾಫ್‌ನಲ್ಲಿ ಪೈಲಟ್ ಸೀಟು ಹಿಂದಕ್ಕೆ ಜಾರಿ ಕಂಟ್ರೋಲ್ ಕೈಗೆ ಸಿಗದಂತಾಗುತ್ತದೆ. ಇದಕ್ಕೆ ಎಡಿ (ಕಡ್ಡಾಯ ಸುರಕ್ಷತಾ ಆದೇಶ) 2011-10-09 ಇದೆ. 100 ಗಂಟೆ ಅಥವಾ 12 ತಿಂಗಳಿಗೊಮ್ಮೆ ಅಳೆಯಲೇಬೇಕು.

ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ನೆಲ ನಮ್ಮದು, ಕೈ ಪಳಗಿದ ಟರ್ನರ್‌ಗಳು ಈಗಲೂ ಇದ್ದಾರೆ. ಟೋ ಬಾರ್, ಬಾಲಕ್ಕೆ ಹಾಕುವ ಸ್ಟ್ಯಾಂಡ್, ಫಿಲ್ಟರ್ ಕಟರ್ ಅವರಿಂದ ಮಾಡಿಸಿಕೊಳ್ಳಿ. ವಿಮಾನದ ಜೊತೆ ಹಾರುವ ಒಂದು ಬುಷ್ ಕೂಡ ಅಲ್ಲಿಂದ ಬೇಡ. ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ವಿಮಾನಕ್ಕೆಂದೇ ಮಾಡಿದ ಎಎನ್ ಬೋಲ್ಟ್‌ನಷ್ಟೇ ಬಲವಾಗಿರಬಹುದು, ಆದರೆ ಅದರ ಹುಟ್ಟು ಹೇಳುವ ಕಾಗದವಿಲ್ಲ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ 8130-3 ಅಥವಾ ಅಂಥದೇ ಮಾನ್ಯ ಪ್ರಮಾಣಪತ್ರ ಇಲ್ಲದ ಭಾಗವನ್ನು ಎಎಂಇ ಹಾಕುವಂತಿಲ್ಲ. ಆಮದಿಗೆ ವಾರಗಳು ಬೇಕು. ಫಿಲ್ಟರ್, ಪ್ಲಗ್, ಬ್ರೇಕ್ ಲೈನಿಂಗ್, ಟ್ಯೂಬ್ ಮೊದಲೇ ತರಿಸಿಡಿ. ಇಲ್ಲದಿದ್ದರೆ ಒಂದು ವಾಷರಿಗಾಗಿ ವಿಮಾನ ನಿಲ್ಲುತ್ತದೆ.

ಲೆಕ್ಕದ ಮಾತು. ಇಂಧನ ಗಂಟೆಗೆ ಸುಮಾರು 30 ಲೀಟರ್. ಹ್ಯಾಂಗರ್ ಬಾಡಿಗೆ, ವಿಮೆ, ವರ್ಷ ವರ್ಷದ ಎಆರ್‌ಸಿ (ಹಾರಾಟ ಯೋಗ್ಯತೆಯ ಪ್ರಮಾಣಪತ್ರ) ಹಾರಿದರೂ ಹಾರದಿದ್ದರೂ ಬರುತ್ತವೆ. ಓವರ್‌ಹಾಲ್ ನಿಧಿಯನ್ನು, ಅಂದರೆ ಇಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿಸಲು ಕೂಡಿಡುವ ಹಣವನ್ನು, ಬಹಳ ಜನ 2000 ಗಂಟೆಯಿಂದ ಭಾಗಿಸುತ್ತಾರೆ. ಆದರೆ ಕಂಪನಿಯ ಮಿತಿ 2000 ಗಂಟೆ ಅಥವಾ 12 ವರ್ಷ. ವರ್ಷಕ್ಕೆ 80 ಗಂಟೆ ಹಾರುವವರಿಗೆ 12 ವರ್ಷದಲ್ಲಿ ಆಗುವುದು 960 ಗಂಟೆ, ಭಾಗಿಸಬೇಕಾದ್ದು ಅದರಿಂದ. ಗಂಟೆಗೆ ತೆಗೆದಿಡುವ ಹಣ ಎರಡರಷ್ಟಾಗುತ್ತದೆ. ಪಾಲುದಾರರು ಜಾಸ್ತಿಯಾಗಿ ಹಾರಾಟ ಹೆಚ್ಚಿದಂತೆ ಗಂಟೆಯ ಆ ಮೊತ್ತ ಇಳಿಯುತ್ತದೆ.

ಕೊಳ್ಳುವ ಮುಂಚೆ ಇದೇ ಕಣ್ಣಿನಿಂದ ಲಾಗ್‌ಬುಕ್ ಓದಿ. ಒಟ್ಟು ಗಂಟೆ ಕಡಿಮೆ ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ನೀವು ತಿಂಗಳುವಾರು ಹಾರಾಟದ ಪಟ್ಟಿ ಮಾಡಿ, ಎಷ್ಟೆಷ್ಟು ತಿಂಗಳು ಖಾಲಿ ಹೋಗಿವೆ ನೋಡಿ. ಓವರ್‌ಹಾಲ್ ಆಗಿ 1200 ಗಂಟೆ ಬಿಡದೆ ಹಾರಿದ ಇಂಜಿನ್ನನ್ನು ನಾನು 300 ಗಂಟೆ ಹಾರಿ ಮೂರು ವರ್ಷ ನಿಂತ ಇಂಜಿನ್ನಿಗಿಂತ ಮೊದಲು ಆರಿಸುತ್ತೇನೆ. ಖಾಲಿ ತಿಂಗಳು ಹೆಚ್ಚಿದ್ದರೆ ಒಂದು ಸಿಲಿಂಡರ್ ತೆಗೆಸಿ ಕ್ಯಾಮ್ ನೋಡಲು ಬಿಡುತ್ತೀರಾ ಎಂದು ಕೇಳಿ. ಒಪ್ಪಿದರೆ ಆ ಖರ್ಚು ನೀವೇ ಕೊಡಿ. ಒಪ್ಪದಿದ್ದರೆ ಬೆಲೆಗೆ ಒಂದು ಓವರ್‌ಹಾಲ್ ಸೇರಿಸಿ ಲೆಕ್ಕ ಹಾಕಿ.