ಕೈಗೆ ಹೊಸದಾದ ಎಕ್ಸ್‌ಪಲ್ಸ್‌ನಲ್ಲಿ ತೋಟದ ರೇಸ್: ನನ್ನ ಅನುಭವ

ಆರ್‌ಎಕ್ಸ್ 100 (ಯಮಹಾದ ಹಳೆಯ ಟೂ ಸ್ಟ್ರೋಕ್ ಬೈಕ್) ಬಿಟ್ಟು, ಬೇರೆಯವರ ಹೀರೋ ಎಕ್ಸ್‌ಪಲ್ಸ್ 200 4ವಿ ತಗೊಂಡು ಕಾಫಿ ತೋಟದ ರೇಸಿಗೆ ಇಳಿಯುತ್ತೇನೆ ಅಂದಾಗ ಗುಂಪಿನಲ್ಲಿ ಎಲ್ಲರದೂ ಒಂದೇ ರಾಗ: ರ್‍ಯಾಲಿ ಕಿಟ್ (ಸಸ್ಪೆನ್ಷನ್, ಟೈರ್ ಇತ್ಯಾದಿ ಸೇರಿದ ಕಂಪನಿಯ ಸೆಟ್) ಇಲ್ಲದೆ ಆಗಲ್ಲ, ಗಾಡಿ ಕೈಗೆ ಕೂರೋಕೆ ತಿಂಗಳಾದರೂ ಬೇಕು. 2020ರಲ್ಲಿ ಬಂದಾಗಲೇ ಆ ಕಿಟ್‌ಗೆ 38 ಸಾವಿರದ ಆಸುಪಾಸು ಇತ್ತು. ನನಗೆ ಹಿಂದಿನ ನಾಬಿ ಟೈರ್ (ಮಣ್ಣಿಗೆ ಕಚ್ಚುವ ದಪ್ಪ ಗುಬುಟಿನದು), ರಿಮ್ ಲಾಕ್ (ಟೈರ್ ರಿಮ್ ಮೇಲೆ ಜಾರದಂತೆ ಒತ್ತಿ ಹಿಡಿಯುವ ಕ್ಲಾಂಪ್), ಮುಂದಿನ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ) ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿಯಿತು. ಇಂಜಿನ್ ಮುಟ್ಟಲಿಲ್ಲ. ಕಿಟ್ ಹಾಕಿದ ಗಾಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಹಿಂದೆಯೇ ಉಳಿದವು.

ಮೊದಲು ಕೈಕಾಲು ತಗಲುವ ಜಾಗ. ಪೆಗ್ ಮೇಲೆ ನಿಂತಾಗ ಮಣಿಕಟ್ಟು ಮಡಿಸದೆ ಬೆರಳು ಲಿವರ್ ಮೇಲೆ ಬೀಳಬೇಕು, ಕೂತು ನೋಡಿದರೆ ಲೆಕ್ಕ ತಪ್ಪುತ್ತದೆ. ಕ್ಲಚ್ ಲಿವರ್ ಹೋಲ್ಡರ್ ಬಿಚ್ಚಿ, ಹ್ಯಾಂಡಲ್‌ಗೆ ಪ್ಲಂಬಿಂಗ್ ಟೆಫ್ಲಾನ್ ಟೇಪ್ ನಾಲ್ಕೈದು ಸುತ್ತು ಸುತ್ತಿ, ಬೋಲ್ಟ್ ಹದವಾಗಿ ಬಿಗಿದೆ. ಬಿದ್ದರೆ ಲಿವರ್ ತಿರುಗುತ್ತದೆ, ಮುರಿಯಲ್ಲ. ಇಪ್ಪತ್ತು ರೂಪಾಯಿ ಟೇಪ್.

ಆಮೇಲೆ ಸ್ಯಾಗ್, ಅಂದರೆ ನಮ್ಮ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಇಳಿಯುತ್ತದೆ ಅನ್ನೋದು. ಹಿಂದಿನ ಟ್ರಾವೆಲ್ (ಸಸ್ಪೆನ್ಷನ್ ಒಟ್ಟು ಆಡುವ ದೂರ) 170 ಎಂಎಂ; ನಾವು ಕೂತಾಗ ಮೂರನೇ ಒಂದು ಭಾಗ, ಅಂದರೆ 55ರ ಹತ್ತಿರ ಇಳಿಯಬೇಕು. ಆ್ಯಕ್ಸಲ್‌ನಿಂದ ನೇರ ಮೇಲೆ ಟೈಲ್ ಪ್ಯಾನೆಲ್‌ಗೆ ಸ್ಟಿಕ್ಕರ್ ಅಂಟಿಸಿ ಟೇಪ್ ಹಿಡಿದು ಅಳೆದೆ. ಜಾಸ್ತಿ ಇಳಿದರೆ ಮುಂದಿನ ಚಕ್ರ ಹಗುರವಾಗಿ ತಿರುವಿನಲ್ಲಿ ಹೊರಗೆ ಓಡುತ್ತದೆ. ಕಡಿಮೆ ಇಳಿದರೆ ಬೇರಿನ ಮೇಲೆ ಹಿಂಭಾಗ ಒದೆಯುತ್ತದೆ. ಸ್ಪ್ರಿಂಗ್ ಬಿಗಿ ಹೊಂದಿಸುವ ಪ್ರೀಲೋಡ್‌ನ ಹತ್ತು ಸ್ಟೆಪ್‌ನಲ್ಲಿ ನನ್ನ ಎಪ್ಪತ್ತು ಕೆಜಿಗೆ ನಾಲ್ಕೋ ಐದೋ ಸರಿಹೋಯಿತು.

ಹೆಚ್ಚು ಕಾಡಿದ್ದು ಟೈರಿನ ಗಾಳಿ. ರಿಮ್ ಲಾಕ್ ಇಲ್ಲದೆ ಹಿಂದಕ್ಕೆ 12 ಪಿಎಸ್‌ಐ ಹಾಕಿ ಏರು ಹತ್ತಿದರೆ ಟೈರ್ ರಿಮ್ ಮೇಲೆ ಜಾರುತ್ತದೆ, ಟ್ಯೂಬ್ ಜೊತೆಗೇ ಎಳೆದುಕೊಂಡು ಹೋಗಿ ವಾಲ್ವ್ ಬುಡದಲ್ಲಿ ಹರಿಯುತ್ತದೆ. ಎರಡು ಟ್ಯೂಬ್ ಹಾಗೇ ಹೋದವು. ವಾಲ್ವ್ ನಟ್ ರಿಮ್‌ಗೆ ಬಿಗಿಯಲೇಬಾರದು, ಕ್ಯಾಪ್ ಕಡೆಗೆ ಹಿಂದಕ್ಕೆ ತಿರುಗಿಸಿ ಬಿಡಬೇಕು. ಆಗ ಟ್ಯೂಬ್ ಸರಿದರೆ ವಾಲ್ವ್ ಓರೆಯಾಗಿ ನಿಂತು ತೋರಿಸುತ್ತದೆ. ಲಾಕ್ ಹಾಕಿದ ಮೇಲೆ ಹಿಂದೆ 13, ಮುಂದೆ 15. ಕಲ್ಲು ಜಾಸ್ತಿ ಇರುವ ತೋಟವಾದರೆ ಎರಡು ಸೇರಿಸಿ, ಇಲ್ಲದಿದ್ದರೆ ರಿಮ್ ಸೊಟ್ಟ.

ಟೂ ಸ್ಟ್ರೋಕ್‌ನಿಂದ ಬಂದವರಿಗೆ ಇಳಿಜಾರೇ ಪರೀಕ್ಷೆ. ಆರ್‌ಎಕ್ಸ್ ನೂರು ಕೆಜಿ ಚಿಲ್ಲರೆ, ಆ್ಯಕ್ಸಿಲರೇಟರ್ ಬಿಟ್ಟರೂ ಓಡುತ್ತಲೇ ಇರುತ್ತದೆ. ಇದು ನೂರೈವತ್ತರ ಮೇಲೆ, ಎರಡನೇ ಗೇರಿನಲ್ಲಿ ಪೂರ್ತಿ ಬಿಟ್ಟರೆ ಇಂಜಿನ್ನೇ ಹಿಂದಿನ ಚಕ್ರ ಹಿಡಿದು ಜಾರಿಸುತ್ತದೆ. ಕೂದಲೆಳೆಯಷ್ಟು ಆ್ಯಕ್ಸಿಲರೇಟರ್ ಹಿಡಿದಿಟ್ಟು ಒಂದು ಬೆರಳು ಕ್ಲಚ್ ಮೇಲೆ ಇರಲಿ. ಬ್ರೇಕ್ ಪೆಡಲ್ ಸ್ವಲ್ಪ ಕೆಳಗಿಳಿಸಿ, ನಿಂತಾಗ ಗೊತ್ತಿಲ್ಲದೆ ತುಳಿಯೋದು ತಪ್ಪುತ್ತದೆ. ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಹಸಿ ತರಗೆಲೆ ಮೇಲೆ ಅದು ಬಿಟ್ಟು ಬಿಟ್ಟು ಹಿಡಿಯುತ್ತದೆ, ಗಾಡಿ ನಿಲ್ಲಲ್ಲ. 2023ರ ಮಾದರಿಯಲ್ಲಿ ಇದಕ್ಕೆ ಮೋಡ್ ಬಂತು. ಹಳೆಯದಾದರೆ ಅದನ್ನೇ ಲೆಕ್ಕಕ್ಕಿಟ್ಟು ಬ್ರೇಕ್ ಬೇಗ ಹಿಡಿಯಬೇಕು.

ಅರೇಬಿಕಾ ಸಾಲು ಆರಡಿ, ಗಿಡದ ರೆಕ್ಕೆ (ಅಡ್ಡ ಕೊಂಬೆ) ಕಳೆದರೆ ಹ್ಯಾಂಡಲ್‌ಗೆ ಉಳಿಯುವುದು ಗೇಣು ಜಾಗ. ಹ್ಯಾಂಡಲ್ ತುದಿ ಎರಡೂ ಕಡೆ ಸೆಂಟಿಮೀಟರ್ ಕತ್ತರಿಸಬಹುದು, ಬೇರೆಯವರ ಗಾಡಿ ಅಂತ ನಾನು ಕೈ ಹಾಕಲಿಲ್ಲ. ರೋಬಸ್ಟಾ ತೋಟದಲ್ಲಿ ಸಾಲು ಹತ್ತಡಿ, ಆ ಚಿಂತೆ ಇಲ್ಲ. ಎರಡರಲ್ಲೂ ತೊಟ್ಟಿಲು ಗುಂಡಿ (ಮಳೆನೀರು ಇಂಗಲು ಗಿಡದ ಸಾಲಿನ ನಡುವೆ ತೋಡಿದ ಉದ್ದ ಗುಂಡಿ) ನೆನಪಿರಲಿ. ತರಗೆಲೆ ತುಂಬಿ ನೆಲದ ಹಾಗೇ ಕಾಣುತ್ತದೆ, ಮುಂದಿನ ಚಕ್ರ ಇಳಿದರೆ ಸವಾರ ಆ ಕಡೆ. ರೇಸಿನ ಹಿಂದಿನ ದಿನ ನಡೆದು ನೋಡುವಾಗ ನಾನು ಗಮನಿಸುವುದು ದಾರಿಗಿಂತ ಗುಂಡಿಯ ಸಾಲು.

ಮುಂದಿನ ಸ್ಪ್ರಾಕೆಟ್ 13 ಹಲ್ಲಿನದು ತೆಗೆದು 12ರದು ಹಾಕಿದ್ದು ಏರಿಗೆ ಒಳ್ಳೆಯದಾಯಿತು. ಚೈನ್ ಮಾತ್ರ ಕೈಪಿಡಿಗಿಂತ ಬೆರಳಷ್ಟು ಸಡಿಲ ಇರಲಿ, ಹಲ್ಲಿನ ಸಂದಿಗೆ ಕೆಮ್ಮಣ್ಣು ಕೂತರೆ ತಾನೇ ಬಿಗಿಯುತ್ತದೆ. ಇಂಜಿನ್ ಅಡಿಯ ಬ್ಯಾಶ್ ಪ್ಲೇಟ್ ಒಳಗೆ ಸ್ಪಂಜ್ ತುರುಕಿದರೆ ಮಣ್ಣು ಕೂರಲ್ಲ, ಇದು ನಡೆಯಿತು. ಮಡ್‌ಗಾರ್ಡ್ ಅಡಿಗೆ ಕೊಬ್ಬರಿ ಎಣ್ಣೆ ಬಳಿದದ್ದು ಒಂದು ಲ್ಯಾಪ್ ಚಂದ, ಆಮೇಲೆ ಇದ್ದಬದ್ದ ಧೂಳೆಲ್ಲ ಅಲ್ಲೇ. ಕ್ಲಚ್ ಕೇಬಲ್‌ಗೆ ಮಾಡಿದ ಇನ್ನೊಂದು ಕೆಲಸ ಇದೆ, ಮುಂದಿನ ಸೀಸನ್ ಮುಗಿಯೋವರೆಗೆ ಅದು ನನ್ನ ಹತ್ತಿರವೇ ಇರಲಿ.

ಗಾಡಿ ವಾಪಸ್ ಕೊಡುವ ಮುಂಚೆ ಸ್ಪೋಕ್ ಒಂದೊಂದೇ ತಟ್ಟಿ ನೋಡಿ, ಮಂಕಾಗಿ ಸದ್ದು ಬಂದದ್ದನ್ನು ಕಾಲು ಸುತ್ತು ಬಿಗಿಯಿರಿ. ಆಯಿಲ್ ಕೂಲರ್ ರೆಕ್ಕೆಗಳ ಸಂದಿಯ ಮಣ್ಣಿಗೆ ಪ್ರೆಶರ್ ವಾಷರ್ ಬೇಡ, ರೆಕ್ಕೆ ಮಡಚುತ್ತದೆ. ನೆನೆಸಿ ಬ್ರಷ್‌ನಲ್ಲಿ ತೆಗೆಯಿರಿ. ಆಯಿಲ್, ಬ್ರೇಕ್ ಪ್ಯಾಡ್ ನಿಮ್ಮ ಖರ್ಚಿಗೆ, ಸಾವಿರ ಚಿಲ್ಲರೆ.